ಕುಂಚದ ಮರದ ಹಿಂಬದಿ

ಹೊಳೆಯ ಆಚೆ ದಡದ ಬಂಡೆಗಳ ನಡುವೆ ನಿರ್ವಾಣಜ್ಜನವರ ಆಶ್ರಮವಿತ್ತು. ಮೂರು ಕೋಣೆ, ಅಜ್ಜನವರ ಗುಡಿಸಲು, ಒಂದು ಗವಿ, ಒಂದು ಬೇವಿನ ಮರ. ಅಷ್ಟೇ.

ಬೇವಿನ ಬುಡದ ಕಲ್ಲುಕಟ್ಟೆಯ ಮೇಲೆ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ, ಒಂದೂವರೆ ಗೇಣು ಎತ್ತರದ ಇನ್ನೊಂದು ಮರವಿತ್ತು. ಅದು ಆಸ್ಟ್ರೇಲಿಯಾದ ಜಾತಿ. ಪೇಟೆಯವರು ಬಾಟಲ್ ಬ್ರಷ್ ಎನ್ನುತ್ತಾರೆ. ಆಶ್ರಮದಲ್ಲಿ ಅದಕ್ಕೆ ಕುಂಚದ ಮರ ಎಂದು ಹೆಸರು. ಇಪ್ಪತ್ತಾರು ವರ್ಷಗಳ ಹಿಂದೆ ಆ ದೇಶದ ಯಾತ್ರಿಕಳೊಬ್ಬಳು ಕೊಟ್ಟ ಬೀಜವನ್ನು ಅಜ್ಜನವರು ಮೊಳೆಯಿಸಿ, ಬೇರು ಸವರಿ, ತಂತಿ ಸುತ್ತಿ, ಬೋನ್ಸಾಯ್ ಮಾಡಿ ಬೆಳೆಸಿದ್ದರು. ವರ್ಷಕ್ಕೊಮ್ಮೆ ಅದು ಬೆರಳುದ್ದದ ಕೆಂಪು ಕುಂಚಗಳನ್ನು ಬಿಡುತ್ತಿತ್ತು.

ಹನ್ನೆರಡು ವರ್ಷದಿಂದ ಅದಕ್ಕೆ ನೀರು ಹಾಕುತ್ತಿದ್ದವನು ಹಿರಿಯ ಶಿಷ್ಯ ಪ್ರಭುಲಿಂಗ. ಅದಕ್ಕೆಂದೇ ಬೇರೆ ಲೋಟ, ಅದಕ್ಕೆಂದೇ ಗೊತ್ತಾದ ಹೊತ್ತು. ಆಶ್ರಮದ ಬೀಗದ ಕೈಗಳೂ ಅವನ ಸೊಂಟದಲ್ಲೇ.

ಆ ವರ್ಷ ಯಂಕೋಬ ಎಂಬವನು ಶಿಷ್ಯನಾಗಿ ಬಂದ. ಹದಿನೆಂಟು ವರ್ಷ ಲಾರಿ ಓಡಿಸಿದವನು. ಜೋರಾಗಿ ನಗುತ್ತಿದ್ದ. ದಾರಿಯಲ್ಲಿ ಹೋಗುವಾಗ ಕುಂಚದ ಮರದ ಎಲೆಯನ್ನು ಎರಡು ಬೆರಳಲ್ಲಿ ಸವರಿ ಹೋಗುತ್ತಿದ್ದ.

ಪ್ರಭುಲಿಂಗನಿಗೆ ಅವನು ಹಿಡಿಸಲಿಲ್ಲ. ಲಾರಿಯಲ್ಲಿ ಏನೇನು ಸಾಗಿಸಿದ್ದನೋ ಯಾರು ಕಂಡರು? ಇಂದು ಎಲೆ ಸವರುವ ಕೈ ನಾಳೆ ಏನು ಮಾಡುವುದೋ?

ಪ್ರಭುಲಿಂಗನ ಕೋಣೆಯ ಕಿಟಕಿಯಿಂದ ಕಟ್ಟೆ ಕಾಣುತ್ತಿರಲಿಲ್ಲ. ಬೇವಿನ ಕೊಂಬೆಯೊಂದು ನಡುವೆ ಇಳಿಬಿದ್ದಿತ್ತು. ಮಾಘದ ಒಂದು ಬೆಳಿಗ್ಗೆ ಅವನು ಗರಗಸ ತಂದು ಆ ಕೊಂಬೆಯನ್ನು ಕೊಯ್ದು ಹಾಕಿದ. ಆಮೇಲೆ ಕಟ್ಟೆ ಅಂಗೈಯಂತೆ ಕಾಣತೊಡಗಿತು. ಯಾರು ಬಂದರು, ಯಾರು ಮುಟ್ಟಿದರು, ಎಷ್ಟು ಹೊತ್ತು ನಿಂತರು, ಎಲ್ಲವೂ ಕಾಣತೊಡಗಿತು. ಅವನಿಗೆ ಸಮಾಧಾನವಾಯಿತು.

ಚೈತ್ರದಲ್ಲಿ ದೀಪಕ್ಕೆ ಗಾಣದ ಎಣ್ಣೆ ತರಲು ಅವನು ನಾಲ್ಕು ದಿನ ಹೊಳೆಯಾಚೆಗೆ ಹೋಗಬೇಕಾಯಿತು. ಅಜ್ಜನವರು ಗವಿಯೊಳಗೆ ಮೌನದಲ್ಲಿದ್ದರು. ಇನ್ನು ಉಳಿದವನು ಯಂಕೋಬ ಒಬ್ಬನೇ.

ಪ್ರಭುಲಿಂಗ ಒಂದು ಚೀಟಿ ಬರೆದ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಹೆಚ್ಚು ಹಾಕತಕ್ಕದ್ದಲ್ಲ. ಕಡಿಮೆ ಹಾಕತಕ್ಕದ್ದಲ್ಲ. ತಟ್ಟೆಯನ್ನು ಸರಿಸತಕ್ಕದ್ದಲ್ಲ. ಎಲೆ ಮುಟ್ಟತಕ್ಕದ್ದಲ್ಲ.

ಯಂಕೋಬ ಹರಿಗೋಲಿನ ತನಕ ಎಣ್ಣೆಯ ಡಬ್ಬ ಹೊತ್ತು ಬಂದ. ಪ್ರಭುಲಿಂಗ ಅವನಿಂದ ಚೀಟಿಯನ್ನು ಎರಡು ಸಲ ಓದಿಸಿದ.

"ಹೋಗಿ ಬರ್ರಿ ಅಣ್ಣಾರ," ಅಂದ ಯಂಕೋಬ.

"ಚೀಟಿ ಕಳೆಯಬೇಡ," ಅಂದ ಪ್ರಭುಲಿಂಗ.

ಆ ನಾಲ್ಕು ದಿನ ಬಿಸಿಲು ಎಂಥದೆಂದರೆ, ಹೊಳೆದಂಡೆಯ ಬಂಡೆಗಳ ಮೇಲೆ ಕಾಗೆಯೂ ಕೂರಲಿಲ್ಲ.

ಅವನು ಹಿಂತಿರುಗಿದಾಗ ಕುಂಚದ ಮರ ಕಂದಾಗಿತ್ತು. ಎಲೆಗಳೆಲ್ಲ ಕೊಂಬೆಯಲ್ಲೇ ಇದ್ದವು, ಆದರೆ ಹಪ್ಪಳದಂತೆ ಸುಟ್ಟಿದ್ದವು. ಬೆರಳು ತಾಕಿಸಿದರೆ ಪುಡಿಯಾಗುತ್ತಿದ್ದವು.

"ನೀರು ಹಾಕಿದೆಯಾ?"

"ಹಾಕೀನ್ರಿ. ಚೀಟಿಯಾಗ ಇದ್ದಂಗ. ಮುಂಜಾನೆ ಒಂದು, ಸಂಜಿಗೆ ಒಂದು."

"ಸುಳ್ಳು."

"ಯಾಕ್ರಿ ಅಣ್ಣಾರ, ನಾನು..."

"ಅಣ್ಣಾರ ಎನ್ನಬೇಡ. ಹನ್ನೆರಡು ವರ್ಷ ನಾನು ಇದೇ ಲೋಟದಲ್ಲಿ ಹಾಕಿದೆ. ಸುಟ್ಟಿತೇ? ನಾಲ್ಕು ದಿನ ನೀನು ಹಾಕಿದೆಯಂತೆ, ಸುಟ್ಟಿತು. ನೀರು ಯಾರು ಕುಡಿದರು?"

ಯಂಕೋಬ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಮುಚ್ಚಿಕೊಂಡದ್ದನ್ನು ಪ್ರಭುಲಿಂಗ ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡ.

ಅಜ್ಜನವರು ಗವಿಯಿಂದ ಹೊರಗೆ ಬಂದ ಕೂಡಲೇ ಅವನು ಎದುರು ನಿಂತ.

"ಅಜ್ಜಾರ, ಇವನನ್ನು ಕಳಿಸಿಬಿಡಿ. ನಿಮ್ಮ ಇಪ್ಪತ್ತಾರು ವರ್ಷವನ್ನು ನಾಲ್ಕು ದಿನದಲ್ಲಿ ಕೊಂದಿದ್ದಾನೆ."

ಅಜ್ಜನವರು ಮರವನ್ನು ನೋಡಿದರು. ಕಟ್ಟೆಯನ್ನು ನೋಡಿದರು. ತಲೆ ಎತ್ತಿ ಆಕಾಶವನ್ನೂ ನೋಡಿದರು.

"ಸತ್ತಿದೆ ಅಂತ ಮರ ಹೇಳಿತೇ?"

"ನೋಡಿದರೆ ಗೊತ್ತಾಗುವುದಿಲ್ಲವೇ?"

"ಹಾಗಾದರೆ ಕಾಯೋಣ. ಮರ ಸತ್ತಿದ್ದರೆ, ಕೊಂದವರು ಹೊಳೆ ದಾಟಿ ಹೋಗಲಿ. ಮತ್ತೆ ಈ ದಡಕ್ಕೆ ಬರುವುದು ಬೇಡ. ಒಪ್ಪಿಗೆಯೇ?"

"ಒಪ್ಪಿದೆ," ಅಂದ ಪ್ರಭುಲಿಂಗ, ತಕ್ಷಣವೇ.

ಯಂಕೋಬ ನೆಲ ನೋಡುತ್ತ ತಲೆಯಾಡಿಸಿದ.

ಅಜ್ಜನವರು ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ತಮ್ಮ ಗುಡಿಸಲ ಹಿಂದಿನ ತಂಪಿನಲ್ಲಿಟ್ಟರು. ಅಗಲವಾದ ಬೋಗುಣಿಯಲ್ಲಿ ಎರಡು ಬೆರಳು ನೀರು ನಿಲ್ಲಿಸಿ, ತಟ್ಟೆಯನ್ನು ಅದರೊಳಗೆ ಕೂರಿಸಿದರು. ಸುತ್ತ ಒದ್ದೆ ಗೋಣಿತಾಟು ಕಟ್ಟಿದರು.

"ಒಣಗಿದ ಎಲೆ ಕತ್ತರಿಸಲೇ ಅಜ್ಜಾರ?" ಅಂದ ಪ್ರಭುಲಿಂಗ.

"ಬೇಡ. ಸದ್ಯಕ್ಕೆ ಅದಕ್ಕಿರುವ ನೆರಳು ಅದೊಂದೇ."

"ಹಿಂಡಿ ಗೊಬ್ಬರ ಹಾಕಲೇ?"

"ಜ್ವರ ಬಂದು ಮಲಗಿದವನ ಬಾಯಿಗೆ ಹೋಳಿಗೆ ತುರುಕುತ್ತೀಯಾ?"

"ಮಣ್ಣಾದರೂ ಬದಲಿಸಿದರೆ?"

"ಪ್ರಭು, ಕೈ ಕಟ್ಟಿ ನಿಲ್ಲುವುದನ್ನು ಯಾವಾಗ ಕಲಿಯುತ್ತೀ?"

ಗುಡಿಸಲ ಹಿಂದಿನ ಜಾಗ ಪ್ರಭುಲಿಂಗನ ಕಿಟಕಿಗೆ ಕಾಣುತ್ತಿರಲಿಲ್ಲ. ಅಜ್ಜನವರು ಬೇಕೆಂದೇ ಅಲ್ಲಿಟ್ಟರೇ? ಗೋಣಿತಾಟಿನ ಹಿಂದೆ ಏನು ನಡೆಯುತ್ತಿದೆ? ನೀರು ಬದಲಿಸುವ ಕೆಲಸವನ್ನು ಯಂಕೋಬನಿಗೇ ಏಕೆ ಕೊಟ್ಟರು? ಕೊಂದವನಿಗೇ ಶುಶ್ರೂಷೆಯ ಕೆಲಸವೇ? ಅಜ್ಜನವರಿಗೂ ವಯಸ್ಸಾಯಿತು; ನಗುವ ಮುಖಕ್ಕೆ ಮೋಸಹೋಗುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು.

ಮರ ಸತ್ತಿದೆಯೋ ಇಲ್ಲವೋ ತಿಳಿಯಲು ಒಂದು ವಿಧಾನವಿದೆ. ತೊಗಟೆಯನ್ನು ಉಗುರಿನಷ್ಟು ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ, ಕಂದಾಗಿದ್ದರೆ ಇಲ್ಲ. ಇದನ್ನು ಅಜ್ಜನವರೇ ಹಿಂದೆ ಕಲಿಸಿದ್ದರು.

ಮೊದಲ ಬೆಳಿಗ್ಗೆ ಅವನು ಸಣ್ಣ ಚಾಕು ತೆಗೆದುಕೊಂಡು ಹೋಗಿ ಕಾಂಡವನ್ನು ಒಂದು ಕಡೆ ಕೆರೆದ. ಮಸುಕು ಹಸಿರು. ಹಸಿರೋ, ಅಥವಾ ಬೆಳಕಿನ ಭ್ರಮೆಯೋ? ಎರಡನೆಯ ಬೆಳಿಗ್ಗೆ ಅದರ ಪಕ್ಕದಲ್ಲಿ ಕೆರೆದ. ಮೂರನೆಯ ಬೆಳಿಗ್ಗೆ ಅದರ ಮೇಲೆ. ಕಂದು. ಮತ್ತೊಂದು ಕಡೆ ನೋಡೋಣ. ಕಂದು. ಇನ್ನೊಂದು ಕಡೆ.

ಹೀಗೆ ಹನ್ನೊಂದು ದಿನ ಕಳೆಯಿತು. ಚಾಕುವನ್ನು ಪ್ರತಿಸಲವೂ ಒರೆಸಿ, ಮಡಿಸಿ, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೆಲಸದಲ್ಲಿ ಅವನು ಎಂದೂ ಕೊಳಕನಲ್ಲ.

ಹನ್ನೆರಡನೆಯ ದಿನ ಅವನು ಅಜ್ಜನವರ ಮುಂದೆ ಹೇಳಿದ: "ಕಾದದ್ದು ಸಾಕು. ಮರ ಸತ್ತಿದೆ. ಅವನು ಹೋಗಲಿ."

"ನಾಳೆ ಹೇಳು," ಅಂದರು ಅಜ್ಜನವರು. "ಇವತ್ತು ಮಧ್ಯಾಹ್ನ ಕಟ್ಟೆಯ ಮೇಲೆ, ಮರವಿದ್ದ ಜಾಗದಲ್ಲೇ ಕುಳಿತು ಜಪ ಮಾಡು. ಊಟವಾದ ಮೇಲೆ ಕೂತರೆ ಸಂಜೆಯವರೆಗೆ. ಅಲುಗಬೇಡ."

"ತಪ್ಪು ಮಾಡಿದವನು ಅವನು. ಕೂರಬೇಕಾದವನು ನಾನೇ?"

"ಹನ್ನೆರಡು ವರ್ಷ ಆ ಮರದ ಆರೈಕೆ ಮಾಡಿದೆ. ಒಂದು ಮಧ್ಯಾಹ್ನ ಅದರ ಜಾಗದಲ್ಲಿ ಕೂತರೆ ಏನು ನಷ್ಟ?"

ಪ್ರಭುಲಿಂಗ ಕುಳಿತ. ಮುಖ ಬಿಗಿದುಕೊಂಡೇ ಕುಳಿತ.

ಮೊದಲು ನೆರಳಿತ್ತು. ಒಂದು ಗಂಟೆಯ ಹೊತ್ತಿಗೆ ಬಿಸಿಲು ಅವನ ಮೊಣಕಾಲಿಗೆ ಬಂತು. ಆಮೇಲೆ ಎದೆಗೆ. ಆಮೇಲೆ ನೇರ ನೆತ್ತಿಗೆ. ಕೆಳಗಿನ ಕಲ್ಲು ಹೆಂಚಿನಂತೆ ಕಾಯಿತು. ಜಪದ ಎಣಿಕೆ ತಪ್ಪಿತು. ನಾಲಗೆ ಅಂಗುಳಿಗೆ ಅಂಟಿತು. ಬೆಳಿಗ್ಗೆ ಕುಡಿದ ನೀರು ಯಾವ ಕಾಲದಲ್ಲಿ ಕುಡಿದದ್ದೋ ಅನ್ನಿಸಿತು.

ಇಷ್ಟು ದೊಡ್ಡ ಬೇವಿನ ಬುಡದಲ್ಲಿ ಇಷ್ಟು ಬಿಸಿಲು ಎಲ್ಲಿಂದ ಬಂತು?

ಅವನು ತಲೆ ಎತ್ತಿ ನೋಡಿದ.

ಪಡುವಣದ ಕಡೆ, ಎಲೆಗಳ ನಡುವೆ, ಚೌಕಾಕಾರದ ಒಂದು ಬಯಲಿತ್ತು. ಆ ಬಯಲಿನ ಅಂಚಿನಲ್ಲಿ ಕೊಯ್ದ ಕೊಂಬೆಯ ಮೋಟು. ಗರಗಸದ ಗುರುತು ನುಣ್ಣಗಿತ್ತು. ಒಳ್ಳೆಯ ಕೆಲಸಗಾರನ ಗುರುತು. ಆ ಬಯಲಿನ ಆಚೆಗೆ, ತೆರೆದೇ ಇದ್ದ, ತನ್ನ ಕೋಣೆಯ ಕಿಟಕಿ.

ಸಂಜೆಯವರೆಗೂ ಅವನು ಅಲುಗಲಿಲ್ಲ. ಅಜ್ಜನವರ ಮಾತಿಗೆ ಬೆಲೆಕೊಟ್ಟು ಅಲ್ಲ. ಏಳಲು ಆಗಲಿಲ್ಲ.

ಯಂಕೋಬ ಬಂದು ತಂಬಿಗೆ ನೀರು ಕೊಟ್ಟ.

"ಆ ದಿನ," ಅಂದ ಪ್ರಭುಲಿಂಗ, "ನೀನು ಏನೋ ಹೇಳಲು ಬಾಯಿ ತೆರೆದೆ. ಏನದು?"

"ಬ್ಯಾಡ ಬಿಡ್ರಿ."

"ಹೇಳು."

"ಎರಡನೇ ದಿನಾನ ನೋಡಿದೆ, ಮಧ್ಯಾಹ್ನ ಬಿಸಿಲು ನೇರ ಅದರ ಮ್ಯಾಲ ಬೀಳತಿತ್ತು. ಸರಸಬೇಕು ಅನಿಸ್ತು. ಚೀಟಿಯಾಗ ಸರಸಬ್ಯಾಡ ಅಂತ ಇತ್ತು. ಮೊದಲ ನಿಮಗ ನಾನಂದ್ರ ಸಂಶೇ. ಸರಸಿದ ಮ್ಯಾಲ ಏನರ ಆದ್ರ? ಹೆದರಿ ಬಿಟ್ಟೆ."

"ಕೊಂಬೆ ಕೊಯ್ದದ್ದು ನಾನೇ ಅಂತ ಗೊತ್ತಿತ್ತೇ?"

"ನಾನು ಅದಕ್ಕೂ ಮೊದಲ ಇಲ್ಲಿಗೆ ಬಂದಾಂವ ಅಲ್ಲೇನ್ರಿ? ಆ ಕೊಂಬಿ ಕಡದು ಸೌದಿ ಒಟ್ಟಿದಾಂವ ನಾನ."

"ಅಜ್ಜನವರಿಗೆ ಏಕೆ ಹೇಳಲಿಲ್ಲ?"

ಯಂಕೋಬ ಖಾಲಿ ತಂಬಿಗೆಯನ್ನು ತೆಗೆದುಕೊಂಡ. "ನಾನು ಹೇಳಿದ್ರ ನಂಬೋರು ಯಾರು, ಅಣ್ಣಾರ?"

ಪ್ರಭುಲಿಂಗ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವನಿಗೆ ಒಂದು ವಿಚಾರ ಬಂತು. ಕಥೆ ಹೇಳುವವರು ಅದನ್ನು ಮುಚ್ಚಿಡುವುದು ಸರಿಯಲ್ಲ. ಯಾರೂ ಬಾಯಿ ಬಿಟ್ಟಿಲ್ಲ. ಯಂಕೋಬ ಇಷ್ಟು ದಿನ ಸುಮ್ಮನಿದ್ದವನು ನಾಳೆಯೂ ಸುಮ್ಮನಿರುತ್ತಾನೆ. ಸುಮ್ಮನೆ ಹೊಳೆ ದಾಟಿ ಹೋಗಿಬಿಡುತ್ತಾನೆ. ಹನ್ನೆರಡು ವರ್ಷದ ಬದುಕು ತನಗೇ ಉಳಿಯುತ್ತದೆ. ಆ ವಿಚಾರದ ಜೊತೆ ಅವನು ದೀಪ ಆರಿಸುವ ಹೊತ್ತಿನವರೆಗೂ ಕುಳಿತಿದ್ದ.

ಬೆಳಗಾದ ಮೇಲೆ ಒಂದು ಕೊನೆಯ ಆಸೆಯಿಂದ ಗುಡಿಸಲ ಹಿಂದಕ್ಕೆ ಹೋದ. ಮರದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಬುಡದಿಂದ ಕವಲಿನವರೆಗೆ ತಾನು ಕೆರೆದ ಗಾಯಗಳು. ಎಲ್ಲವೂ ಕಂದು. ಕಣ್ಣೆದುರಿನ ಬದಿಯಲ್ಲಿ ಚಾಕು ಇಡಲು ಇನ್ನು ಜಾಗವೇ ಇರಲಿಲ್ಲ.

ಅವನು ಎರಡು ಪಂಚೆ, ಒಂದು ತಂಬಿಗೆ, ಗಂಟು ಕಟ್ಟಿದ. ಬೀಗದ ಕೈಗಳನ್ನು ಸೊಂಟದಿಂದ ಬಿಚ್ಚಿ ಅಜ್ಜನವರ ಪಾದದ ಬಳಿ ಇಟ್ಟ.

"ಅಜ್ಜಾರ, ಕೊಂದವನು ನಾನು. ಅವನ ಮೇಲೆ ಕಣ್ಣಿಡಲು ಕೊಂಬೆ ಕೊಯ್ದೆ. ಬಿಸಿಲು ಬಿತ್ತು. ಅವನು ಸರಿಸಬಹುದಿತ್ತು; ಸರಿಸದ ಹಾಗೆ ಅವನ ಕೈಯನ್ನೂ ನಾನೇ ಕಟ್ಟಿದೆ. ಮಾತು ಕೊಟ್ಟಿದ್ದೇನೆ. ಹೋಗುತ್ತೇನೆ."

ಅಜ್ಜನವರು ಬೀಗದ ಕೈಗಳನ್ನು ನೋಡಲಿಲ್ಲ.

"ಆ ಮರದ ನಾಡಿನಲ್ಲಿ ಕಾಡಿಗೆ ಬೆಂಕಿ ಬೀಳುತ್ತದಂತೆ," ಅಂದರು. "ಬೀಜ ಕೊಟ್ಟ ತಾಯಿ ಹೇಳಿದ್ದಳು. ಕಾಡೆಲ್ಲ ಕರಿಯಾಗಿ ನಿಂತಿರುತ್ತದಂತೆ. ಅಲ್ಲಿಯವರು ಮರವನ್ನು ಕಡಿಯಲು ಅವಸರ ಮಾಡುವುದಿಲ್ಲವಂತೆ." ಆಮೇಲೆ ಕೂಗಿದರು: "ಯಂಕೋಬಾ! ತಟ್ಟೆ ತಾ."

ಯಂಕೋಬ ತಂದು ಇಟ್ಟ. ಕೆರೆದ ಬದಿ ಪ್ರಭುಲಿಂಗನ ಕಡೆಗಿತ್ತು.

"ಎಷ್ಟು ಗಾಯ?"

ಪ್ರಭುಲಿಂಗ ಎಣಿಸಿದ. "ಹದಿನೇಳು."

"ಇದು ಬಿಸಿಲು ಹೊಡೆದ ಬದಿ. ಕಿಟಕಿಯ ಬದಿ. ನೀನು ಯಾವಾಗಲೂ ನೋಡುತ್ತಿದ್ದದ್ದು ಇದನ್ನೇ. ಈಗ ತಟ್ಟೆ ತಿರುಗಿಸು."

ಪ್ರಭುಲಿಂಗ ತಿರುಗಿಸಿದ.

ಹಿಂಬದಿಯ ತೊಗಟೆಯ ಬಿರುಕಿನಲ್ಲಿ, ಬುಡದಿಂದ ಎರಡು ಬೆರಳು ಮೇಲೆ, ಮೂರು ಚಿಗುರುಮೊಗ್ಗುಗಳಿದ್ದವು. ಅಕ್ಕಿಕಾಳಿಗಿಂತ ಸಣ್ಣವು. ಬೆಳ್ಳಿ ಬಣ್ಣದ ನಯವಾದ ರೋಮ, ತುದಿಯಲ್ಲಿ ನಸುಗೆಂಪು.

ಪ್ರಭುಲಿಂಗ ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡ.

"ಇದು ಯಾವಾಗ ಬಂತು?"

"ಆರು ದಿನಾತ್ರಿ," ಅಂದ ಯಂಕೋಬ.

"ಆರು ದಿನ! ನೀನು ನೋಡಿದ್ದೆಯಾ? ನನಗೆ ಒಂದು ಮಾತು ಹೇಳಬಾರದಿತ್ತೇ?"

"ಹೇಳತಿದ್ದೆ ಅಣ್ಣಾರ. ಹೇಳಿದ್ರ ಖರೇನೋ ಸುಳ್ಳೋ ಅಂತ ನೀವು ಅದನ್ನೂ ಕೆರದು ನೋಡತಿದ್ರಿ."

ಅಜ್ಜನವರು ನಕ್ಕರು. ಯಂಕೋಬ ತನ್ನ ಲಾರಿಯ ನಗುವನ್ನು ತಡೆಯಲು ಹೋಗಿ ಸೋತ. ಪ್ರಭುಲಿಂಗನಿಗೆ ನಗು ಬರಲಿಲ್ಲ. ಜೇಬಿನಿಂದ ಚಾಕು ತೆಗೆದು, ಬೀಗದ ಕೈಗಳ ಪಕ್ಕದಲ್ಲಿ ಇಟ್ಟ. ಕಣ್ಣೊರೆಸಿಕೊಂಡ. ಆಮೇಲೆ ಗಂಟನ್ನು ಹೆಗಲಿಗೇರಿಸಿದ.

"ಎಲ್ಲಿಗೆ?"

"ಮಾತಿನಂತೆ ಹೊಳೆ ದಾಟುತ್ತೇನೆ. ಮರ ಉಳಿದದ್ದು ನನ್ನಿಂದಲ್ಲ."

"ದಾಟು. ದೀಪದ ಎಣ್ಣೆ ತಳ ಕಂಡಿದೆ. ಡಬ್ಬ ತೆಗೆದುಕೊಂಡು ಹೋಗು. ನಾಲ್ಕು ದಿನದ ದಾರಿ."

ಪ್ರಭುಲಿಂಗ ನಿಂತಲ್ಲೇ ನಿಂತ. ಗಂಟು ಹೆಗಲಿನಿಂದ ಜಾರಿತು. ಅಜ್ಜನವರ ಮುಖ ನೋಡಿದ. ಅದರಲ್ಲಿ ಏನೂ ಅಡಗಿರಲಿಲ್ಲ. ಆದರೂ ಅಭ್ಯಾಸಬಲದಿಂದ ಎರಡು ಸಲ ಹುಡುಕಿದ.

"ಮರ?"

"ಯಂಕೋಬ ಇದ್ದಾನಲ್ಲ."

"ಈ ಸೆಕೆಯಲ್ಲಿ... ಮೊಗ್ಗು ಇನ್ನೂ ಎಳೆಯದು..." ಅವನ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು, ಕಾಗದ ತೆಗೆಯಿತು. ತೆಗೆದದ್ದನ್ನು ಅವನೇ ನೋಡಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

"ಅವನಿಗೆ ಏನು ಹೇಳಿ ಹೋಗಲಿ, ಅಜ್ಜಾರ?"

"ಹೋಗಿ ಬರ್ತೀನಿ ಅಂತ ಹೇಳು."