ಹೆಜ್ಜೆ ಓದಿದ ಕರಿಹೈದ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ಮುತ್ತಜ್ಜಿಗೂ ಹಾಲುಹಲ್ಲು ಬರೋಕೆ ಮುಂಚೆ, ಒಂದೂರಲ್ಲಿ ಕರಿಹೈದ ಅನ್ನೋ ಪೈಲ್ವಾನ ಇದ್ನಂತೆ. ಮೊದ್ಲು ಕಾಲು ಒದೆಯೋದು ನಿಲ್ಸು ಪುಟ್ಟಿ, ಆಮೇಲೆ ಹೇಳ್ತೀನಿ. ಹಾಂ. ಅವನು ಮೂರು ವರ್ಷ ಸೋಲೇ ಕಾಣದೆ, ನಾಲ್ಕನೇ ವರ್ಷ ಪರವೂರಿನ ಜಟ್ಟಿ ಒಬ್ಬನ ಎದುರು ನಿಂತಾಗ, ಆ ಜಟ್ಟಿ ಕಾಲಿಗೆ ಕಾಲು ಕೊಟ್ಟು ತಿರುಗಿಸಿದ ಏಟಿಗೆ ಬಲಮಂಡಿ ಲಟಕ್ ಅಂತಂತೆ. ಸೊಪ್ಪು ಅರೆದು ಕಟ್ಟಿದ್ರು, ಎದ್ದು ಓಡಾಡ್ದ, ಕುಂಟೋದು ಮಾತ್ರ ಹೋಗ್ಲಿಲ್ಲ. ಇನ್ನು ಕುಸ್ತಿ ನಿನಗಾಗಲ್ಲ ಅಂತ ಕಟ್ಟು ಕಟ್ಟಿದೋರೇ ಅಂದ್ಬಿಟ್ರಂತೆ.

ಆಮೇಲೆ ಮೂರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ನಂತೆ. ಅವ್ವ ಮುದ್ದೆ ತಂದಿಟ್ರೆ, ಕುಸ್ತಿ ಇಲ್ದೋನಿಗೆ ಮುದ್ದೆ ಯಾಕವ್ವಾ ಅಂತಿದ್ನಂತೆ. ಆ ತಾಯಿ ಕರುಳು ಏನಾಗಿರ್ಬೇಕು ಹೇಳು. ಕೊನೆಗೆ ಅವನಿಗೆ ಕುಸ್ತಿ ಕಲಿಸಿದ ಗರಡಿ ತಾತ ಬಂದು, ಲೋ, ಮಂಡಿ ಹೋದ್ರೆ ಕೈಯೂ ಹೋಯ್ತೇನೋ, ಬಂದು ನನ್ನ ಮಣ್ಣಾದ್ರೂ ಹದ ಮಾಡು ಅಂದು ಎಬ್ಬಿಸಿಕೊಂಡು ಹೋದ್ನಂತೆ.

ಗರಡಿ ಮಣ್ಣು ಅಂದ್ರೆ ಬರೀ ಮಣ್ಣಲ್ಲ ಕಣೆ. ಕೆಮ್ಮಣ್ಣು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ದಿನಾ ಸಾಯಂಕಾಲ ಕುಸ್ತಿ ಮುಗಿದ್ಮೇಲೆ ಅಗೆದು ಮಟ್ಟ ಮಾಡ್ಬೇಕು. ಕರಿಹೈದ ಬಹಳ ಹೊತ್ತು ನಿಲ್ಲೋಕಾಗದೆ ಕೂತ್ಕೊಂಡೇ ಅಗೀತಿದ್ನಂತೆ. ಕೂತೋನ ಕಣ್ಣಿಗೆ ಬೀಳೋದೇನು, ಕುಸ್ತಿ ಆಡಿದ ಹುಡುಗರ ಹೆಜ್ಜೆ. ಕುಂಬಾರಣ್ಣನ ಮಗನ ಹಿಮ್ಮಡಿ ಆಳ, ಅದಕ್ಕೇ ಅವನು ಹಿಂದಕ್ಕೆ ಬೀಳ್ತಾನೆ. ಗಾಣದೋನ ಮಗನ ಬೆರಳಷ್ಟೇ ಊರಿದೆ, ಅದಕ್ಕೇ ಮುಗ್ಗರಿಸ್ತಾನೆ. ಕರೆದು ಹೇಳ್ದ, ತಿದ್ದಿಕೊಂಡ್ರು, ಇಬ್ರೂ ಗೆದ್ರಂತೆ.

ಆಮೇಲೆ ಮೂರನೆಯವನು ಮರಿಸಿದ್ದ. ಅವನ ಬಲಗಾಲಿನ ಹೆಜ್ಜೆ ಸೊಟ್ಟಗೆ ಆಚೆ ತಿರುಗಿತ್ತು. ಅದನ್ನ ನೋಡಿದ್ದೇ ಕರಿಹೈದನ ಗುದ್ದಲಿ ನಿಂತುಹೋಯ್ತಂತೆ. ಅಯ್ಯೋ, ಅವತ್ತು ನನ್ನ ಕಾಲೂ ಹೀಗೇ ಊರಿತ್ತಲ್ಲ, ಅದಕ್ಕೇ ಮಂಡಿ ತಿರುಗಿದ್ದು, ಸುಮ್ನೆ ಆ ಜಟ್ಟಿಗೆ ಶಾಪ ಹಾಕಿದೆನಲ್ಲ ಅಂತ ಅಲ್ಲೇ ಕೂತು ಅತ್ತುಬಿಟ್ನಂತೆ.

ತಿಂಗಳು ಕಳೆದ್ರೆ ಅದೇ ಜಟ್ಟಿ ಇವರ ಗರಡಿಗೆ ಬರೋನಿದ್ದ, ಮರಿಸಿದ್ದನ ಜೊತೆ ಕುಸ್ತಿಗೆ. ಈ ಕಾಲು ನೆಟ್ಟಗಾಗದೆ ಇವನನ್ನ ಕುಸ್ತಿಗೆ ಬಿಡಬೇಡ ತಾತ ಅಂತ ಕರಿಹೈದ ಹಟ ಹಿಡಿದ್ನಂತೆ. ಕುಂಟನಿಗೆ ಹೊಟ್ಟೆಕಿಚ್ಚು ಅಂದ್ನಂತೆ ಮರಿಸಿದ್ದ. ಆ ಮಾತು ಚುಚ್ಚಿದ್ರೂ ಕರಿಹೈದ ಮಣ್ಣಲ್ಲಿ ಗೆರೆ ಎಳೆದು, ಹುಡುಗನ ಹಿಮ್ಮಡಿ ಕೈಯಲ್ಲಿ ಹಿಡಿದು, ದಿನಾ ಬೆಳಿಗ್ಗೆ ಗೆರೆ ಮೇಲೆ ಕಾಲು ಊರಿಸಿದ್ನಂತೆ. ಹತ್ತು ದಿನ ಆಯ್ತು, ಸೊಟ್ಟಗೇ. ಇಪ್ಪತ್ತು ದಿನ ಆಯ್ತು, ನಡೆದ್ರೆ ನೆಟ್ಟಗೆ, ಕುಸ್ತಿಗೆ ಬಿದ್ರೆ ಸೊಟ್ಟಗೆ. ಮೂವತ್ತನೇ ದಿನ ಕುಸ್ತಿ ಮುಗಿಸಿ ನೋಡಿದ್ರೆ ಹೆಜ್ಜೆ ನೆಟ್ಟಗಿತ್ತಂತೆ.

ಮಾರನೇ ದಿನ ಜಟ್ಟಿ ಬಂದ. ಊರೋರೆಲ್ಲ ಇಬ್ಬರ ಕೈ ನೋಡ್ತಿದ್ರೆ ಕರಿಹೈದ ಆ ಬಲಗಾಲನ್ನೇ ನೋಡ್ತಿದ್ನಂತೆ. ಜಟ್ಟಿ ಅದೇ ಥರ ಕಾಲು ಕೊಟ್ಟ, ತಿರುಗಿಸ್ದ. ಕಾಲು ಅಲ್ಲಾಡ್ಲಿಲ್ಲ, ಮಂಡಿ ಗಟ್ಟಿಯಾಗಿ ನಿಂತ್ಕೊಳ್ತು. ಮರಿಸಿದ್ದ ಅವನನ್ನ ಎತ್ತಿ ಹಾಕಿ ನೇರ ಬಂದು, ತಪ್ಪಾಯ್ತಣ್ಣ ಅಂತ ಕರಿಹೈದನ ಕುಂಟುಗಾಲು ಮುಟ್ಟಿದ್ನಂತೆ.

ಸಾಯಂಕಾಲ ಕರಿಹೈದ ಮಣ್ಣೆಲ್ಲ ಮಟ್ಟ ಮಾಡಿ ಮರಿಸಿದ್ದನ ಬಲಗಾಲಿನ ಒಂದು ಹೆಜ್ಜೆ ಹಾಗೇ ಬಿಟ್ಟಿದ್ನಂತೆ. ತಾತ ಯಾಕೋ ಅಂದ್ರೆ, ಇವತ್ತೊಂದಿನ ಇರ್ಲಿ ತಾತ ಅಂದ್ನಂತೆ. ಮನೆಗೆ ಹೋದೋನೇ, ಅವ್ವಾ, ಬೆಳಿಗ್ಗೆ ಮೂರು ಹುಡುಗರು ಕಾಯ್ತಿರ್ತಾರೆ, ಎರಡು ಮುದ್ದೆ ಹಾಕು ಅಂದ್ನಂತೆ.

ಅವನ ತಟ್ಟೆ ಖಾಲಿಯಾಯ್ತು, ನನ್ನ ಕತೆನೂ ಮುಗೀತು. ನೀನೂ ಕಾಲು ನೆಟ್ಟಗಿಟ್ಟು ಮಲಗು.