ಏಕಾದಶಿಯ ಪಿತ್ತಕೋಶ

ಏಕಾದಶಿಯ ಬೆಳಿಗ್ಗೆ, ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ, ಒಂದು ರವೆಉಂಡೆ ಕಾಣೆಯಾಯಿತು. ಮರುದಿನದ ಪಾರಣೆಗೆಂದು ಮಾಡಿಟ್ಟಿದ್ದ ಉಂಡೆ. ಸುದ್ದಿ ಗೋಶಾಲೆಯವರೆಗೂ ಹೋಯಿತು. ಜಪಕ್ಕೆ ಕೂತವರು ಒಂದು ಕಣ್ಣು ತೆರೆದು ಪಕ್ಕದವರ ಬಾಯಿ ನೋಡಿದರು.

ಮಧ್ಯಾಹ್ನ, ತುಳಸಿಮಾಲೆ ಕಟ್ಟುವ ರಂಗೂಬಾಯಿಗೆ ಹೊಟ್ಟೆನೋವು ಬಂತು. ಜೊತೆಗೆ ಚಳಿಜ್ವರ. ಉಳಿದವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಆಶ್ರಮದ ಆಸ್ಪತ್ರೆಯೆಂದರೆ ಎರಡು ಮಂಚ, ಒಂದು ಪರದೆ, ದಾನಿಯೊಬ್ಬರು ಕೊಟ್ಟ ಪುಟ್ಟ ಸ್ಕ್ಯಾನ್ ಯಂತ್ರ. ನಡೆಸುವವರು ವಯಸ್ಸಾದ ಡಾಕ್ಟರ್ ಮಂದಾಕಿನಿ. ಅವರ ಕೈಕೆಳಗೆ ಕಲಿಯಲು ಬಂದವನು ಧೀರೇಂದ್ರ, ಹೊಸ ಡಾಕ್ಟರು. ಅವನಿಗೆ ಯಂತ್ರದ ಮೇಲೆ ಪೂರ್ತಿ ನಂಬಿಕೆಯಿತ್ತು. ಮನುಷ್ಯರ ಮೇಲೆ ಅಷ್ಟಿರಲಿಲ್ಲ.

"ನೀನೇ ನೋಡು," ಎಂದರು ಡಾಕ್ಟರಮ್ಮ.

ಅವನು ಬಲಪಕ್ಕೆಯ ಕೆಳಗೆ ಯಂತ್ರದ ಹಿಡಿಯನ್ನು ಒತ್ತಿದ. ರಂಗೂಬಾಯಿ ಎಳೆದ ಉಸಿರನ್ನು ಅರ್ಧಕ್ಕೇ ನಿಲ್ಲಿಸಿದರು. ನಾಟಕ, ಅಂದುಕೊಂಡ.

ಹಸಿದವರ ಪಿತ್ತಕೋಶ ಪಿತ್ತ ತುಂಬಿಕೊಂಡು ಉಬ್ಬಿರುತ್ತದೆ. ಉಂಡವರದು ಪಿತ್ತವನ್ನು ಹಿಂಡಿ ಮುದುಡುತ್ತದೆ. ಅವನು ಓದಿದ್ದ. ರಂಗೂಬಾಯಿಯದು ಮುದುಡಿತ್ತು.

ಪರದೆ ಸರಿಸಿ ಹೊರಗೆ ಬಂದ. "ಪಿತ್ತಕೋಶ ಸಣ್ಣಗಿದೆ. ಏನೋ ತಿಂದಿದ್ದಾರೆ."

ಹೊರಗೆ ಅಡುಗೆಮನೆಯ ಯಜಮಾನರಾದ ವೆಂಕಣ್ಣಾಚಾರ್ಯರು ಕಾದಿದ್ದರು. ಆಶ್ರಮದ ಜೀಪಿನ ಕೀಲಿಯೂ ಅವರ ಸೊಂಟದಲ್ಲೇ.

"ಬರೀ ಅಜೀರ್ಣ," ಎಂದರು. "ಶುಂಠಿ ಕಷಾಯ ಕೊಡಿ. ಏಕಾದಶಿ ಮುರಿದವರಿಗೆಲ್ಲ ಪೇಟೆಗೆ ಜೀಪು ಬಿಡೋಕಾಗಲ್ಲ."

ಒಳಗಿನಿಂದ ರಂಗೂಬಾಯಿಯ ದನಿ ಬಂತು. "ಆಚಾರ್ರೇ, ನಾನು ನೀರೂ ಮುಟ್ಟಿಲ್ಲ."

"ಮತ್ತೆ ಯಂತ್ರ ಸುಳ್ಳು ಹೇಳ್ತದೇನಮ್ಮ?"

ಡಾಕ್ಟರಮ್ಮ ಶಿಷ್ಯನನ್ನು ಒಳಗೆ ಕರೆದು ಪರದೆ ಎಳೆದರು.

"ನಿನಗೂ ಇವತ್ತು ಉಪವಾಸ ತಾನೇ?"

"ಹೌದು ಮೇಡಂ."

"ಆ ಮಂಚದ ಮೇಲೆ ಮಲಗು. ಉಪವಾಸದ ಪಿತ್ತಕೋಶ ಹೇಗಿರುತ್ತೆ, ನೋಡೋಣ."

ಧೀರೇಂದ್ರ ಮಲಗಲಿಲ್ಲ.

"ಏನು ತಿಂದೆ?"

ಅವನು ದನಿ ತಗ್ಗಿಸಿದ. "ಸೇತುವೆ ಹತ್ತಿರದ ಹೋಟೆಲಿನಲ್ಲಿ ಬೆಣ್ಣೆದೋಸೆ."

"ಒಂದೇ?"

"ಎರಡು."

"ಇನ್ನೂ ಒಳ್ಳೆಯದು. ಮಲಗು."

ಜೆಲ್ ತಣ್ಣಗಿತ್ತು. ಪರದೆಯಾಚೆ ಯಾರೋ ಕೆಮ್ಮಿದರು.

"ಇದು ಉಂಡವನ ಪಿತ್ತಕೋಶ. ಮುದುಡಿದೆ. ಹಿಂದೆ ನೆರಳೇನಾದರೂ ಇದೆಯಾ?"

"ಇಲ್ಲ ಮೇಡಂ."

"ಈಗ ಅವರದು ಇನ್ನೊಮ್ಮೆ ನೋಡು. ಎಡಮಗ್ಗುಲಿಗೆ ತಿರುಗಿಸು."

ತಿರುಗಿಸಿದ. ಯಂತ್ರದಲ್ಲಿ ಬಿಲ್ಲಿನಂತೆ ಬಾಗಿದ ಬಿಳಿಗೆರೆ, ಅದರ ಹಿಂದೆ ಕತ್ತರಿಸಿಟ್ಟಂಥ ಕಪ್ಪು ನೆರಳು. ಮೊದಲ ಸಲ ಅದನ್ನು ಕರುಳಿನ ಗಾಳಿ ಎಂದುಕೊಂಡಿದ್ದ. ಗಾಳಿಯ ನೆರಳು ಇಷ್ಟು ಶುದ್ಧವಾಗಿರುವುದಿಲ್ಲ.

"ಕಲ್ಲು," ಎಂದ. "ಕೋಶದ ತುಂಬ. ಅದಕ್ಕೇ ಮುದುಡಿದೆ."

"ಪಿತ್ತನಾಳ ನೋಡಿದ್ದೆಯಾ?"

"ಇಲ್ಲ."

"ಯಾಕೆ?"

"ಕಾರಣ ಸಿಕ್ಕಿತ್ತಲ್ಲ ಮೇಡಂ."

"ಕಾರಣ ಅಲ್ಲ. ಕಳ್ಳಿ ಸಿಕ್ಕಿದ್ದಳು."

ಅವನು ನಾಳ ಹುಡುಕಿದ. ರಕ್ತನಾಳವಾದರೆ ಯಂತ್ರ ಬಣ್ಣ ತೋರಿಸುತ್ತದೆ. ಪಕ್ಕದ ಕೊಳವೆಗೆ ಬಣ್ಣ ಬಂತು. ಇದಕ್ಕೆ ಬರಲಿಲ್ಲ, ಪಿತ್ತನಾಳ ಇದೇ. ಪೆನ್ಸಿಲಿಗಿಂತ ದಪ್ಪವಾಗಿತ್ತು, ಅಷ್ಟಿರಬಾರದು. ಆಮೇಲೆ, ಅಂದು ಮೊದಲ ಬಾರಿಗೆ, ರಂಗೂಬಾಯಿಯ ಕಣ್ಣಿನ ರೆಪ್ಪೆ ಎಳೆದು ನೋಡಿದ. ಹಳದಿ.

"ಒಂದು ಕಲ್ಲು ನಾಳಕ್ಕೆ ಜಾರಿರಬೇಕು. ಪಿತ್ತ ಕಟ್ಟಿಕೊಂಡು ನಂಜಾಗ್ತಿದೆ. ತಡ ಮಾಡಿದರೆ..." ನಿಲ್ಲಿಸಿದ.

"ಸಾಯ್ತೀನಿ ಅಂತೀಯೇನಪ್ಪಾ?" ಎಂದರು ರಂಗೂಬಾಯಿ. "ಸಾಯೋದು ಇದ್ದದ್ದೇ. ಕಳ್ಳಿ ಅನ್ನಿಸ್ಕೊಂಡು ಮಾತ್ರ ಸಾಯಲಾರೆ."

ಡಾಕ್ಟರಮ್ಮ ಡ್ರಿಪ್ ಹಾಕುತ್ತಿದ್ದರು. ತಲೆ ಎತ್ತದೆ, "ಜೀಪು ಕೇಳಿಕೊಂಡು ಬಾ," ಎಂದರು.

ಹೊರಗೆ ಆಚಾರ್ಯರು ಕೇಳಿದರು, "ಏನಂತದೆ ಯಂತ್ರ? ತಿಂದಿದ್ದಾರೋ, ಇಲ್ಲವೋ?"

"ಯಂತ್ರಕ್ಕೆ ಅದು ಗೊತ್ತಾಗಲ್ಲ ಆಚಾರ್ರೇ."

"ಆಗಲೇ ಗೊತ್ತಾಗಿತ್ತಲ್ಲ?"

ಧೀರೇಂದ್ರ ಒಮ್ಮೆ ಹೊಳೆಯ ಕಡೆ ನೋಡಿದ.

"ತಪ್ಪು ಹೇಳಿದೆ. ಬೆಳಿಗ್ಗೆ ತಿಂದವನು ನಾನು. ಬೆಣ್ಣೆದೋಸೆ. ಅವರ ಹೊಟ್ಟೆಯಲ್ಲಿರೋದು ಕಲ್ಲು. ಪೇಟೆ ಮುಟ್ಟದಿದ್ದರೆ ಉಳಿಯಲ್ಲ. ಕೀಲಿ ಕೊಡಿ."

ಆಚಾರ್ಯರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅನುಮಾನಕ್ಕೆ ಹೊಸ ಮನೆ ಸಿಕ್ಕ ಮೇಲೆ ಕೀಲಿ ಕೊಟ್ಟರು.

ಮರುದಿನ, ರಂಗೂಬಾಯಿಯನ್ನು ಸೇರಿಸಿದ್ದ ಪೇಟೆಯ ಆಸ್ಪತ್ರೆಯಿಂದ ಡಾಕ್ಟರಮ್ಮ ಮರಳಿದಾಗ ಧೀರೇಂದ್ರ ಹೊಸ್ತಿಲಲ್ಲೇ ನಿಂತಿದ್ದ.

"ನಾನಂದದ್ದಕ್ಕೆ ಅವರಿಗೆ ಇನ್ನೂ ಸಿಟ್ಟಿದೆಯಾ ಮೇಡಂ?"

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ನಾನು ಅದನ್ನ ಕೇಳಲಿಲ್ಲ. ನಾಳದ ಕಲ್ಲು ತೆಗೆದರು. ಜ್ವರ ಬಿಟ್ಟಿದೆ. ಬೆಳಿಗ್ಗೆ ಗಂಜಿ ಕುಡಿದರು."