ಸಾವಕಾರರು ಸೌಟು ಹಿಡಿದದ್ದು

ಗದಗಿನ ಖಾನಾವಳಿಯ ಮಾಲೀಕ ಅಂದಾನೆಪ್ಪನವರು ಗುಮಾಸ್ತ ಫಕ್ಕೀರಪ್ಪನ ಮುಂದೆ ಮೊಬೈಲು ಹಿಡಿದರು. ಗೂಗಲ್‌ನಲ್ಲಿ ಅವರ ಖಾನಾವಳಿ ಹುಡುಕಿದರೆ, ಹೆಸರಿನ ಕೆಳಗೆ ಗಿರಾಕಿಗಳು ಬರೆದದ್ದು ಒಂದೇ ಮಾತು. ಊಟ ಚಲೋ, ಮಾಲೀಕರು ಸಿಡುಕು.

"ನಾಳೆ ಅನ್ನೋದ್ರಾಗ ಇವನ್ನೆಲ್ಲಾ ಅಳಿಸಿರಬೇಕು. ಇಲ್ಲಾಂದ್ರ ನೀ ಕೆಲಸಕ್ಕ ಬರಬ್ಯಾಡ."

ಬೇರೆಯವರು ಬರೆದದ್ದನ್ನು ಅಳಿಸಲು ಬರುವುದಿಲ್ಲ. ಹಾಗೆಂದರೆ ಸಾವಕಾರರು ಕೇಳುವವರಲ್ಲ. ಫಕ್ಕೀರಪ್ಪ ಕೂತು ಪ್ರತಿ ಬೈಗುಳದ ಕೆಳಗೂ ಮಾಲೀಕರ ಹೆಸರಿನಲ್ಲಿ ಉತ್ತರ ಬರೆದ. "ತಪ್ಪಾತು. ಇನ್ನೊಮ್ಮೆ ಬರ್ರಿ, ನಾನ ಕೈಯಾರೆ ಬಡಸ್ತೀನಿ."

ಮರುದಿನ ಮಧ್ಯಾಹ್ನ ಬೈದು ಬರೆದಿದ್ದವರಿಂದಲೇ ಖಾನಾವಳಿ ತುಂಬಿತು. ಬಡಿಸಲು ಬಂದ ಮಾಣಿಗೆ ಎಲ್ಲರೂ ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಸಾವಕಾರ್ರು ಬಡಸ್ತೀನಂದಾರ. ಅವರ ಬರಲಿ."

ಅಂದಾನೆಪ್ಪನವರು ಫಕ್ಕೀರಪ್ಪನನ್ನು ದುರುಗುಟ್ಟಿ ನೋಡಿದರು. ಅಷ್ಟು ಜನರ ಎದುರು ಬೈಯುವಂತಿರಲಿಲ್ಲ. ಗಲ್ಲಾ ಬಿಟ್ಟೆದ್ದು ಸೌಟು ಹಿಡಿದರು.

ಕೊನೆಯ ತಾಟು ಒಬ್ಬ ಮುದುಕಿಯದು. "ಸಾಕೋ ಯಪ್ಪಾ" ಅಂದಳು ಆಕೆ.

"ಇನ್ನೊಂದೀಟು ಹಾಕ್ಕೋ ಯವ್ವಾ" ಅಂದರು ಸಾವಕಾರರು. ಆ ದನಿಯನ್ನು ಫಕ್ಕೀರಪ್ಪ ಎಂದೂ ಕೇಳಿರಲಿಲ್ಲ.

ಸಂಜೆ ಅವನು ಮೆಲ್ಲಗೆ ಹೇಳಿದ. "ಸಾವಕಾರ್ರ, ಆ ಬೈಗುಳ ಯಾವೂ ಅಳಿಸಿಲ್ರಿ."

ಅಂದಾನೆಪ್ಪನವರು ಸೌಟು ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬೈದವ್ರಾಗ ಇನ್ನೂ ಯಾರರ ಬರೋರು ಉಳಿದಾರೇನು ನೋಡು."